ಹಗಲು ಪಂಪಿಗೆ ಕಲ್ಲಿದ್ದಲು ಏಕೆ?

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಸೀಮೆಯ ಪಂಪ್‌ಸೆಟ್‌ಗೆ ಹೆಸ್ಕಾಂ ತಂತಿಯಲ್ಲಿ ಹರಿದು ಬರುವ ತ್ರೀಫೇಸ್ ಕರೆಂಟಿನ ಹಿಂದೆ ರಾಯಚೂರು (1,720 ಮೆಗಾವಾಟ್), ಬಳ್ಳಾರಿ (1,700), ಯರಮರಸ್ (1,600) ಸ್ಥಾವರಗಳ ಬೆಂಕಿಯಿದೆ. ರಾಜ್ಯದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ತೆಲಂಗಾಣದ ಸಿಂಗರೇಣಿಯಂಥ ಕಡೆಯಿಂದ ರೈಲಿನಲ್ಲೇ ಬರಬೇಕು. 2023ರ ಬರದಲ್ಲಿ ಜಲಾಶಯಗಳು ತುಂಬದೆ ಜಲವಿದ್ಯುತ್ ಕುಗ್ಗಿತು. ರೈತರ ಪಂಪಿಗೆ ಸಿಗುತ್ತಿದ್ದ ಏಳು ತಾಸಿನ ತ್ರೀಫೇಸ್ ಕರೆಂಟು ಐದಕ್ಕಿಳಿಯಿತು. ಹೊತ್ತು ಮುಳುಗಿ ಗಾಳಿಯೂ ನಿಂತಾಗ ಕಲ್ಲಿದ್ದಲೇ ಮುಖ್ಯ ಗತಿ, ರಾಯಚೂರು ಸ್ಥಾವರವಿರುವ ಶಕ್ತಿನಗರದವರು ಹಾರುಬೂದಿ ನುಂಗುತ್ತಿದ್ದರೂ. ಆದರೆ ನೀರು ಹಾಯಿಸುವುದಕ್ಕೆ ರಾತ್ರಿಯೇ ಬೇಕೆಂದಿಲ್ಲ. ರಾತ್ರಿ ಕರೆಂಟು ಬಂದಾಗ ಟಾರ್ಚ್ ಹಿಡಿದು ಹಾವು-ಚೇಳಿನ ನಡುವೆ ಬದುವಿನ ಮೇಲೆ ನಡೆಯುವವರನ್ನು ಕೇಳಿ ನೋಡಿ. ಪಂಪು ಹಗಲಿನ ಬಿಸಿಲಲ್ಲೇ ಓಡುವಂತೆ, ಕೇಂದ್ರದ ಕುಸುಮ್ ಯೋಜನೆಯಡಿ ಕೃಷಿ ಫೀಡರ್‌ಗಳಿಗೆ ಸೌರವಿದ್ಯುತ್ ಜೋಡಿಸುವ ಕೆಲಸವನ್ನು ಸರ್ಕಾರ ಮುಂದಿನ ಬೇಸಿಗೆಯೊಳಗೆ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಮುಗಿಸಲಿ.