ಈ ಕುದುರೆ ನಿಮಗಲ್ಲ

ಕುದುರೆ ವ್ಯಾಪಾರದಲ್ಲಿ ಪರೀಕ್ಷೆಯೆಲ್ಲ ಕುದುರೆಗೇ. ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಕಾಲೆತ್ತಿಸಿ ಗೊರಸು ನೋಡುತ್ತಾರೆ, ಸುಳಿ ಎಲ್ಲೆಲ್ಲಿದೆ ಎಂದು ಮೈಯೆಲ್ಲ ಹುಡುಕುತ್ತಾರೆ, ನಡೆಸಿ ಓಡಿಸಿ ಕುಂಟುತ್ತದೆಯೇ ಎಂದು ಗಮನಿಸುತ್ತಾರೆ. ಮಾರುವವರು ಕೇಳುವ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಒಂದೇ: ಎಷ್ಟು ಕೊಡುತ್ತೀರಿ? ಅದಕ್ಕಿಂತ ಹೆಚ್ಚು ಕೇಳಿದರೆ, ಅದರಲ್ಲೂ ಕೇಳಿ ತಿಳಿದ ಮೇಲೆ ‘ನಿಮಗೆ ಕೊಡುವುದಿಲ್ಲ’ ಎಂದರೆ, ಅದು ಅಹಂಕಾರ ಎನಿಸಿಕೊಳ್ಳುತ್ತದೆ. ಹಣ ಹಿಡಿದು ಬಂದವರನ್ನು ಬರಿಗೈಲಿ ಕಳಿಸುವುದು ವ್ಯಾಪಾರದ ರೀತಿಯಲ್ಲ ಎಂಬುದು ರೂಢಿಯ ಮಾತು. ಈ ಮಾತು ನನಗೆ ಒಪ್ಪಿಗೆಯಾಗಿಲ್ಲ. ಆದರೆ ಹಾಗೆ ಕಳಿಸುವವರು ಕೊಡುವ ಕಾರಣಗಳಲ್ಲಿ ಅನೇಕವೂ ನನಗೆ ಒಪ್ಪಿಗೆಯಾಗಿಲ್ಲ.

‘ಮಾರಿದ ಮೇಲೆ ಅದರ ಹಣೆಬರಹ, ನಮಗೇನು?’ ಎಂಬ ವಾದವನ್ನೇ ಮೊದಲು ನೋಡೋಣ. ಕಾನೂನು ಇದಕ್ಕೆ ಸ್ವಲ್ಪಮಟ್ಟಿಗೆ ಬೆಂಬಲವಾಗಿದೆ ಎಂಬುದನ್ನು ಒಪ್ಪಬೇಕು. 1872ರ ಭಾರತೀಯ ಕರಾರು ಕಾಯ್ದೆ ತನ್ನ 17ನೆಯ ಕಲಮಿನಲ್ಲಿ ವಂಚನೆಯನ್ನು ವಿವರಿಸುವಾಗ ಕುದುರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತದೆ. ಕುದುರೆಗೆ ದೋಷವಿದೆ ಎಂದು ಗೊತ್ತಿದ್ದೂ ಒಬ್ಬ ಅದನ್ನು ಹರಾಜಿನಲ್ಲಿ ಮಾರುತ್ತಾನೆ, ದೋಷದ ಬಗ್ಗೆ ಏನೂ ಹೇಳುವುದಿಲ್ಲ. ಅದು ವಂಚನೆಯಲ್ಲ ಎನ್ನುತ್ತದೆ ಕಾಯ್ದೆ. ಆದರೆ ಕೊಳ್ಳುವವಳು ಈಗಷ್ಟೇ ವಯಸ್ಕಳಾದ ಅವನ ಸ್ವಂತ ಮಗಳಾಗಿದ್ದರೆ ಹೇಳುವ ಹೊಣೆ ಅವನಿಗಿದೆ ಎಂದು ಮರುಸಾಲಿನಲ್ಲೇ ಸೇರಿಸುತ್ತದೆ. ಅಂದರೆ ಮೌನದಿಂದ ಕೇಡಾಗುತ್ತದೆ ಎಂಬುದು ಕಾನೂನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಯಾರ ವಿಷಯದಲ್ಲಿ ಬಾಯಿ ಬಿಡುವಂತೆ ಬಲವಂತ ಮಾಡಬೇಕು ಎಂಬುದಷ್ಟೇ ಅವರು ತೀರ್ಮಾನಿಸಿದ್ದು. ನ್ಯಾಯಾಲಯ ಬಲವಂತ ಮಾಡದ ಕಡೆಯೆಲ್ಲ ಮೌನ ಸರಿಯೆಂದು ಇದರಿಂದ ತೀರ್ಮಾನಿಸಲು ಬರುವುದಿಲ್ಲ.

ಅದೇ ಕಾಯ್ದೆಯ ಇನ್ನೊಂದು ಭಾಗ ಇನ್ನೂ ಸ್ವಾರಸ್ಯಕರ. ಕುದುರೆಯನ್ನು ಮಾರದೆ ಎರವಲು ಕೊಟ್ಟರೆ ಲೆಕ್ಕವೇ ಬದಲಾಗುತ್ತದೆ. ಅದು ಪುಂಡ ಕುದುರೆ ಎಂದು ಗೊತ್ತಿದ್ದೂ ಹೇಳದೆ ಕೊಟ್ಟು, ಅದು ಕೆರಳಿ ಓಡಿ, ಪಡೆದವನು ಬಿದ್ದು ಗಾಯಗೊಂಡರೆ ಕೊಟ್ಟವನೇ ಹೊಣೆ ಎಂದು 150ನೆಯ ಕಲಂ ಹೇಳುತ್ತದೆ. ಸವಾರಿಗೆಂದು ಬಾಡಿಗೆಗೆ ಪಡೆದ ಕುದುರೆಯನ್ನು ಗಾಡಿಗೆ ಕಟ್ಟಿದರೆ ಒಪ್ಪಂದ ಮುರಿಯುವ ಹಕ್ಕು ಕೊಟ್ಟವನಿಗಿದೆ ಎಂಬುದು 153ನೆಯ ಕಲಮಿನ ಉದಾಹರಣೆ. ಇದನ್ನು ಓದಿದವರು, ಹಾಗಾದರೆ ಮಾರುವುದಕ್ಕಿಂತ ಎರವಲು ಕೊಡುವುದೇ ಕ್ಷೇಮ, ಒಡೆತನ ನಮ್ಮಲ್ಲೇ ಇರುತ್ತದೆ, ಸರಿಹೋಗದಿದ್ದರೆ ವಾಪಸು ತಂದರಾಯಿತು ಎಂದುಕೊಳ್ಳುತ್ತಾರೆ. ಎರವಲು ಕೊಡಲು ಹೊರಟವರಲ್ಲಿ ಹೆಚ್ಚಿನವರ ನಂಬಿಕೆ ಇದೇ. ಆದರೆ ಒಪ್ಪಂದದ ಕಾಗದ ವಾಪಸು ತರುವುದು ಕುದುರೆಯನ್ನು, ಅದರ ಆರೋಗ್ಯವನ್ನಲ್ಲ. ಬೇಕಾಬಿಟ್ಟಿ ಧಾನ್ಯ ತಿನ್ನಿಸಿ ಗೊರಸಿನೊಳಗೆ ಉರಿಯೂತ ಬರಿಸಿದ ಮೇಲೆ ಕುದುರೆ ಮನೆಗೆ ಬಂದರೂ ಮೊದಲಿನಂತಾಗದೆ ಉಳಿಯಬಹುದು. ಬಾಯಿ ಎಳೆದೆಳೆದು ಹೆದರಿಸಿದ ಕುದುರೆ ಮತ್ತೆ ಕಡಿವಾಣವನ್ನು ನಂಬುವುದಕ್ಕೆ ಎಷ್ಟು ಕಾಲ ಬೇಕೋ ಹೇಳಲಾಗದು. ಬ್ರಿಟನ್ನಿನ ವರ್ಲ್ಡ್ ಹಾರ್ಸ್ ವೆಲ್‌ಫೇರ್ ಸಂಸ್ಥೆ ತಾನು ಕಾಪಾಡಿದ ಕುದುರೆಗಳನ್ನು ಒಡೆತನ ಬಿಟ್ಟುಕೊಡದೆಯೇ ಹೊಸ ಮನೆಗಳಿಗೆ ಕೊಡುತ್ತದೆ. ಆದರೂ ಕೊಡುವ ಮುಂಚೆ ಮನೆಯನ್ನು ಪರಿಶೀಲಿಸುತ್ತದೆ. ಒಡೆತನ ಒಂದೇ ಸಾಕಾಗಿದ್ದರೆ ಈ ಶ್ರಮ ಯಾಕೆ? ನನ್ನ ಮಟ್ಟಿಗೆ, ಎರವಲು ಕೇಳುವವರನ್ನು ಕೊಳ್ಳುವವರಿಗಿಂತ ಹೆಚ್ಚು ವಿಚಾರಿಸಬೇಕು. ಕೊಂಡವರಿಗೆ ಹಾಕಿದ ದುಡ್ಡಿನ ಭಯವಾದರೂ ಇರುತ್ತದೆ.

ದುಡ್ಡಿನ ಭಯ ಎಂದೆ. ಹೆಚ್ಚು ಬೆಲೆ ಕೊಟ್ಟವರು ಹೆಚ್ಚು ಜೋಪಾನ ಮಾಡುತ್ತಾರೆ ಎಂಬ ನಂಬಿಕೆಗೆ ಅಷ್ಟರಮಟ್ಟಿಗೆ ಆಧಾರವಿದೆ, ಅದಕ್ಕಿಂತ ಹೆಚ್ಚಿಲ್ಲ. ಬೆಲೆ ಒಂದು ಸಲ ಕೊಡುವಂಥದ್ದು. ಮೇವು, ಲಾಳ, ವೈದ್ಯ, ಸೈಸನ ಸಂಬಳ ನಿತ್ಯದ್ದು. ಒಮ್ಮೆ ಖರ್ಚು ಮಾಡುವ ಶಕ್ತಿಯೂ ಹದಿನೈದು ಇಪ್ಪತ್ತು ವರ್ಷ ಖರ್ಚು ಮಾಡುವ ಮನಸ್ಸೂ ಬೇರೆ ಬೇರೆ. ಪುಕ್ಕಟೆ ಕೊಡುವಾಗ ಮಾತ್ರ ಅಪಾಯ ನಿಜವಾಗಿಯೂ ಹೆಚ್ಚು, ಏಕೆಂದರೆ ಪುಕ್ಕಟೆ ಸಿಕ್ಕ ಕುದುರೆಯೂ ಲಕ್ಷಗಟ್ಟಲೆ ಕೊಟ್ಟು ತಂದ ಕುದುರೆಯಷ್ಟೇ ತಿನ್ನುತ್ತದೆ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬೇಡ ಎಂಬ ಗಾದೆಯನ್ನು ಕುದುರೆ ಪಡೆಯುವವರು ಪಾಲಿಸಲೇಬಾರದು.

ಇನ್ನು ಪ್ರೀತಿ. ‘ನಮಗೆ ಪ್ರಾಣಿಗಳೆಂದರೆ ಪ್ರಾಣ’ ಎನ್ನುವವರಿಗೆ ಇಲ್ಲ ಎನ್ನುವುದು ಎಲ್ಲಕ್ಕಿಂತ ಕಷ್ಟ. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಕುದುರೆಯ ದೇಹ ಪ್ರೀತಿಯ ಪ್ರಮಾಣ ನೋಡಿ ನಡೆಯುವುದಿಲ್ಲ. ಅದರ ಜಠರ ಮೈಗೆ ಹೋಲಿಸಿದರೆ ಚಿಕ್ಕದು. ಸ್ವಲ್ಪಸ್ವಲ್ಪವಾಗಿ ದಿನದ ಬಹುಪಾಲು ಮೇಯಲೆಂದೇ ಆದದ್ದು. ಅದಕ್ಕೆ ವಾಂತಿ ಮಾಡಲಾಗದು. ಒಳಗೆ ಹೋದದ್ದು ಕೆಟ್ಟದ್ದಾದರೆ ಹೊಟ್ಟೆಶೂಲೆಯಾಗಿ ಕೆಲವು ಗಂಟೆಗಳಲ್ಲಿ ಜೀವಕ್ಕೇ ಬರಬಹುದು. ಬೆಂಗಳೂರಿನ ಆಸುಪಾಸಿನಲ್ಲಿ ವಾರಾಂತ್ಯದ ತೋಟ ಮಾಡಿಕೊಂಡವರಲ್ಲಿ ಹಲವರು ‘ಎರಡು ಎಕರೆ ಇದೆ, ಮೇದುಕೊಂಡಿರುತ್ತದೆ, ತೋಟದವನಿಗೆ ದನ ಸಾಕಿ ಗೊತ್ತು’ ಎನ್ನುತ್ತಾರೆ. ದನ ಸಾಕಿದ ಅನುಭವ ದೊಡ್ಡದೇ, ಆದರೆ ಇಲ್ಲಿ ಅದು ದಾರಿ ತಪ್ಪಿಸಬಹುದು. ಹಸು ಮೆಲುಕು ಹಾಕುತ್ತದೆ, ಕುದುರೆ ಹಾಕುವುದಿಲ್ಲ. ಹಸು ತಾಳಿಕೊಂಡೀತು ಎಂದು ಕೊಟ್ಟ ಬೂಷ್ಟು ಹಿಡಿದ ಮೇವು ಕುದುರೆಗೆ ಮುಳುವಾಗಬಹುದು. ಜೊತೆಗೆ, 450ರಿಂದ 500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 9-10 ಕಿಲೋ ಒಣಮೇವಿನಷ್ಟು ಆಹಾರ ಬೇಕು. ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ ಎರಡು ಎಕರೆ ಅದನ್ನು ಕೊಡುವುದಿಲ್ಲ. ಇಷ್ಟೆಲ್ಲ ಹೊಂದಿಸಿದರೂ ಕುದುರೆ ಹಿಂಡಿನಲ್ಲಿ ಬಾಳುವ ಪ್ರಾಣಿ. ಐದು ದಿನ ಒಂಟಿಯಾಗಿ ನಿಂತು, ಎರಡು ದಿನ ಮುದ್ದಿಸಿಕೊಳ್ಳುವುದು ಅದಕ್ಕೆ ಬದುಕಲ್ಲ. ಹಾಗಾಗಿ ಪರೀಕ್ಷಿಸಬೇಕಾದದ್ದು ದುಡ್ಡು ಕೊಡುವವರನ್ನಷ್ಟೇ ಅಲ್ಲ, ಸೋಮವಾರ ಬೆಳಿಗ್ಗೆ ಮೇವು ಹಾಕುವವರನ್ನು. ಮಾರಾಟದ ಮಾತುಕತೆಗೆ ಆ ಮನುಷ್ಯನನ್ನು ಯಾರೂ ಕರೆತರುವುದಿಲ್ಲ. ಅವನು ಬಾರದೆ ಕುದುರೆ ಲಾಯದಿಂದ ಹೊರಡಬಾರದು ಎಂಬುದು ನನ್ನ ಅಭಿಪ್ರಾಯ.

‘ಅನುಭವಿ ಸವಾರನಾದರೆ ಚಿಂತೆಯಿಲ್ಲ’ ಎಂಬ ಮಾತೂ ಅರ್ಧ ಮಾತ್ರ ನಿಜ. ಬೆಂಗಳೂರು, ಮೈಸೂರುಗಳಲ್ಲಿ ರೇಸಿನಿಂದ ನಿವೃತ್ತವಾದ ಕುದುರೆಗಳ ವಿಷಯ ತೆಗೆದುಕೊಳ್ಳಿ. ಎರಡು ಮೂರು ವರ್ಷಕ್ಕೆ ಓಟ ಶುರುಮಾಡುವ ಈ ಕುದುರೆಗಳು ಹತ್ತು ವರ್ಷವಾಗುವ ಮೊದಲೇ ಸಾಮಾನ್ಯವಾಗಿ ಟ್ರ್ಯಾಕ್ ಬಿಟ್ಟಿರುತ್ತವೆ. ಆಯುಸ್ಸು ಇಪ್ಪತ್ತೈದರ ಆಚೀಚೆ. ಅಂದರೆ ಬದುಕಿನ ದೊಡ್ಡ ಭಾಗ ಮಾರಾಟವಾದ ಮೇಲಿನದು. ಲಗಾಮು ಬಿಗಿದರೆ ಕುದುರೆ ನಿಲ್ಲುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ರೇಸಿನ ಕುದುರೆಯೋ ಬಿಗಿ ಲಗಾಮಿಗೆ ಒರಗಿಯೇ ಓಡಲು ಕಲಿತಿರುತ್ತದೆ. ಹೆದರಿದ ಸವಾರ ಲಗಾಮು ಜಗ್ಗಿ ಕಾಲುಗಳಿಂದ ಪಕ್ಕೆ ಅವುಚಿಕೊಂಡಷ್ಟೂ ಅದು ಓಡು ಎಂಬ ಆಜ್ಞೆ ಎಂದೇ ತಿಳಿಯುತ್ತದೆ. ಹಾಗೆಯೇ, ರೇಸಿನ ಗದ್ದಲ ಕಂಡ ಕುದುರೆಗೆ ಮದುವೆ ಮೆರವಣಿಗೆ ಏನು ಮಹಾ ಎನ್ನುವವರಿದ್ದಾರೆ. ಟ್ರ್ಯಾಕಿನಲ್ಲಿ ಗದ್ದಲಕ್ಕೆ ಉತ್ತರ ಓಡುವುದು. ಮೆರವಣಿಗೆಯಲ್ಲಿ ಅದೇ ಗದ್ದಲದ ನಡುವೆ, ತಮಟೆ ಪಟಾಕಿಗಳ ಪಕ್ಕದಲ್ಲಿ, ಅಲುಗಾಡದೆ ನಿಲ್ಲಬೇಕು. ಗದ್ದಲವೊಂದೇ, ಬೇಡುವ ಕೆಲಸ ತದ್ವಿರುದ್ಧ. ತಾಳ್ಮೆಯಿಂದ ಮರುತರಬೇತಿ ಕೊಟ್ಟರೆ ಈ ಕುದುರೆಗಳು ಒಳ್ಳೆಯ ಸವಾರಿ ಕುದುರೆಗಳಾಗುತ್ತವೆ ಎಂಬುದೂ ಅಷ್ಟೇ ನಿಜ. ಎಷ್ಟು ವರ್ಷ ಸವಾರಿ ಮಾಡಿದ್ದೀರಿ ಎಂದು ಕೇಳುವುದಕ್ಕಿಂತ ಎಂಥ ಕುದುರೆಗಳ ಮೇಲೆ, ಯಾರ ಕೈಕೆಳಗೆ ಎಂದು ಕೇಳುವುದು ಮೇಲು. ಅದಕ್ಕೂ ಮೇಲು, ಎದುರಿಗೇ ಜೀನು ಹಾಕಿಸಿ, ಹತ್ತಿಸಿ ನೋಡುವುದು.

ಮಕ್ಕಳಿಗಾಗಿ ಮರಿ ಕುದುರೆ ಕೇಳುವ ತಂದೆತಾಯಿಯರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಬ್ಬರೂ ಜೊತೆಯಾಗಿ ಬೆಳೆಯಲಿ ಎಂಬ ಆಸೆ ಸುಂದರವಾದದ್ದು. ಆದರೆ ಕಲಿಯುವ ಮಗುವಿಗೆ ಕಲಿತ ಕುದುರೆ ಬೇಕು, ಕಲಿಯುವ ಕುದುರೆಗೆ ಕಲಿತ ಸವಾರ ಬೇಕು. ಹತ್ತು ಹನ್ನೆರಡು ವರ್ಷದ ಶಾಂತ ಕುದುರೆಯನ್ನು ವಯಸ್ಸಾದದ್ದು ಎಂದು ಬಿಟ್ಟು ಎರಡು ವರ್ಷದ್ದನ್ನು ಕೊಂಡೊಯ್ಯುವವರು ಮಗುವಿನ ಮೂಳೆಯನ್ನು ಪಣಕ್ಕಿಡುತ್ತಿದ್ದಾರೆ. ಇಲ್ಲಿ ನಿರಾಕರಣೆ ಕುದುರೆಗಿಂತ ಮೊದಲು ಮಗುವಿಗೆ ಮಾಡುವ ಉಪಕಾರ.

ಇಷ್ಟು ಹೇಳಿದ ಮೇಲೆ, ನಿರಾಕರಣೆಯ ಬಗ್ಗೆಯೇ ನನಗಿರುವ ದೊಡ್ಡ ಅನುಮಾನವನ್ನು ಮುಂದಿಡಬೇಕು. ಯೋಗ್ಯರು, ಅಯೋಗ್ಯರು ಎಂದು ವಿಂಗಡಿಸುವ ಅಧಿಕಾರ ಕೈಗೆ ಬಂದಾಗ ನಾವು ನಿಜವಾಗಿಯೂ ನೋಡುವುದು ಏನನ್ನು? ಕಾರಿನಲ್ಲಿ ಬಂದವರು, ಇಂಗ್ಲಿಷಿನಲ್ಲಿ ಮಾತಾಡುವವರು, ಸವಾರಿಯ ಬೂಟು ತೊಟ್ಟವರು ಸಹಜವಾಗಿಯೇ ಯೋಗ್ಯರಂತೆ ಕಾಣುತ್ತಾರೆ. ಮೈಸೂರಿನಲ್ಲಿ ತಲೆಮಾರುಗಳಿಂದ ಟಾಂಗಾ ಓಡಿಸಿಕೊಂಡು ಬಂದ ಮನೆಯವನು ಬಂದರೆ ಬಾಗಿಲಲ್ಲೇ ಅನುಮಾನ ಹುಟ್ಟುತ್ತದೆ. ಆದರೆ ಕುದುರೆ ಮೇವು ಬಿಟ್ಟದ್ದನ್ನು, ಒಂದು ಕಾಲಿನ ಮೇಲೆ ಭಾರ ಕಡಿಮೆ ಮಾಡಿ ನಿಂತದ್ದನ್ನು ಬೇಗ ಗುರುತಿಸುವವನು ಇವರಲ್ಲಿ ಯಾರು? ರೇಸಿನ ತೆಳುಗಾಲಿನ ಕುದುರೆಯನ್ನು ಗಾಡಿಗೆ ಕೊಡಬಾರದು ಎಂಬುದು ಸರಿಯಾದ ಕಾರಣ. ಗಾಡಿಯವನಿಗೆ ಕುದುರೆಯನ್ನೇ ಕೊಡಬಾರದು ಎಂಬುದು ಕಾರಣವಲ್ಲ, ಪೂರ್ವಗ್ರಹ. ಎರಡೂ ಒಂದೇ ವಾಕ್ಯದ ವೇಷದಲ್ಲಿ ಬರುವುದರಿಂದ ಮಾರುವವರು ತಮ್ಮನ್ನೇ ಕೇಳಿಕೊಳ್ಳಬೇಕು: ಇದೇ ಉತ್ತರವನ್ನು ಇನ್ನೊಂದು ಬಟ್ಟೆ ತೊಟ್ಟವರು ಕೊಟ್ಟಿದ್ದರೆ ನಾನು ಒಪ್ಪುತ್ತಿದ್ದೆನೇ?

ಈ ಅನುಮಾನದಿಂದಲೇ, ಇಲ್ಲ ಎನ್ನುವ ರೀತಿಯ ಬಗ್ಗೆಯೂ ನನ್ನ ಅಭಿಪ್ರಾಯ ರೂಢಿಗಿಂತ ಭಿನ್ನ. ನಯವಾಗಿ ತಪ್ಪಿಸಿಕೊಳ್ಳಿ, ‘ಬೇರೆಯವರು ಅಡ್ವಾನ್ಸ್ ಕೊಟ್ಟುಹೋಗಿದ್ದಾರೆ’ ಎಂದುಬಿಡಿ ಎಂದು ಬಲ್ಲವರೇ ಸಲಹೆ ಕೊಡುತ್ತಾರೆ. ಜಗಳ ತಪ್ಪುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ. ಬೆದರಿಸುವ ಸ್ವಭಾವದವರ ಎದುರು ಇದು ಬೇಕೂ ಆಗಬಹುದು. ಆದರೆ ಉಳಿದವರ ವಿಷಯದಲ್ಲಿ ಈ ಸುಳ್ಳು ಯಾರನ್ನು ಕಾಪಾಡಿತು? ಆ ಮನುಷ್ಯ ಇಲ್ಲಿಂದ ಹೊರಟು, ಇಂಥದೇ ಇನ್ನೊಂದು ಕುದುರೆಯನ್ನು, ಪ್ರಶ್ನೆ ಕೇಳದ ಇನ್ನೊಬ್ಬರಿಂದ ಕೊಳ್ಳುತ್ತಾನೆ. ನಿಜವಾದ ಕಾರಣ ಗೊತ್ತಾಗಿದ್ದರೆ ಅವನು ಬೇರೆ ಕುದುರೆ ಹುಡುಕುತ್ತಿದ್ದನೋ ಏನೋ. ಕಾರಣವನ್ನು ಬಾಯಿಬಿಟ್ಟು ಹೇಳಬೇಕಾದಾಗ ಮಾರುವವರ ಪೂರ್ವಗ್ರಹವೂ ಅವರಿಗೇ ಕೇಳಿಸುತ್ತದೆ. ‘ನೀವು ಸರಿಯಿಲ್ಲ’ ಎನ್ನುವ ಅಗತ್ಯವಿಲ್ಲ. ‘ಇದು ಒಂಟಿಯಾಗಿ ನಿಂತರೆ ಗೋಡೆ ಕಚ್ಚುತ್ತದೆ, ನಿಮ್ಮಲ್ಲಿ ಬೇರೆ ಕುದುರೆಯಿಲ್ಲ’ ಎನ್ನಬಹುದು. ಕೇಳಿದವರಿಗೆ ಬೇಸರವಾಗಬಹುದು, ಆದರೆ ಅದರಲ್ಲಿ ಅವಮಾನವಿಲ್ಲ.

ಕೊನೆಯ ಆಕ್ಷೇಪ ಗಟ್ಟಿಯಾದದ್ದು. ಬಂದವರನ್ನೆಲ್ಲ ಕಳಿಸುತ್ತ ಹೋದರೆ ಕುದುರೆ ನಮ್ಮ ಲಾಯದಲ್ಲೇ ಉಳಿಯುತ್ತದೆ. ಸಾಕಲಾಗದ್ದಕ್ಕೇ ತಾನೆ ಮಾರಲು ಹೊರಟದ್ದು? ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಸಾಕಲು ಶಕ್ತಿಯಿಲ್ಲದ ಒಡೆಯ ಕೂಡ ಅಯೋಗ್ಯನೇ, ಅವನ ಪ್ರೀತಿ ಎಷ್ಟೇ ಇರಲಿ. ಎಲ್ಲರಲ್ಲೂ ಕೊರತೆ ಹುಡುಕುತ್ತಿರುವವರು ಬಹುಶಃ ಅಗಲುವುದಕ್ಕೆ ಸಿದ್ಧರಿಲ್ಲ. ಅದನ್ನು ಕುದುರೆಯ ಹಿತವೆಂದು ಕರೆಯುವುದು ತಪ್ಪು. ಸಂಪೂರ್ಣ ಯೋಗ್ಯರು ಸಿಗುವುದಿಲ್ಲ, ಕಲಿಯಲು ಒಪ್ಪುವವರು ಸಿಗುತ್ತಾರೆ. ಅಂಥವರಿಗೆ ಬೆಲೆ ಇಳಿಸಿಕೊಡುವುದು, ಮೊದಲ ಕೆಲವು ವಾರ ಹೋಗಿ ಹೇಳಿಕೊಡುವುದು ನಷ್ಟವಲ್ಲ. ಮಾಡಬಾರದ್ದು ಮಾತ್ರ ಸ್ಪಷ್ಟ: ಹಸಿವು ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಕುದುರೆ ಕೊಳ್ಳಲು ಹೋಗಿ ಇಲ್ಲ ಎನಿಸಿಕೊಂಡು ಬಂದವರು ಈ ಬರಹ ಓದುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಕೋಪ ಇಳಿದ ಮೇಲೆ ಆ ಮಾರಾಟಗಾರರ ಬಳಿಗೇ ಇನ್ನೊಮ್ಮೆ ಹೋಗಿ, ನನಗೆ ಎಂಥ ಕುದುರೆ ಹೊಂದುತ್ತದೆ ಎಂದು ಕೇಳಿ. ಹಣ ಕಂಡೂ ಬೇಡ ಎಂದವರು ಆ ಪ್ರಶ್ನೆಗೆ ಸುಳ್ಳು ಹೇಳುವ ಸಂಭವ ಕಡಿಮೆ.