ಬಾಡಿಗೆ ಗಂಡನ ಕಥೆ ಮತ್ತು ಆ ವರ್ಷದ ಕಾನೂನು

70 ಲಕ್ಷ ರೂಪಾಯಿಯ ಆಸ್ತಿ ಅನಿತಾಳ ಕೈಸೇರಬೇಕಾದರೆ 21 ತುಂಬಿದ ತಿಂಗಳೊಳಗೆ ಅವಳ ಮದುವೆಯಾಗಬೇಕು. ಅಪ್ಪ ಬರೆದಿಟ್ಟ ಉಯಿಲು ಅದು. ಗಂಡಸರೆಂದರೆ ಸಿಡಿಮಿಡಿಗೊಳ್ಳುವ ಅತ್ತೆ ಸೀತಾದೇವಿ ಉಪಾಯ ಹೂಡುತ್ತಾಳೆ: ಕೆಲಸವಿಲ್ಲದ ವ್ಯಂಗ್ಯಚಿತ್ರಕಾರ ಪ್ರೀತಮ್‌ಗೆ ದುಡ್ಡು ಕೊಟ್ಟು ಹೆಸರಿಗೊಂದು ಮದುವೆ, ಆಮೇಲೆ ವಿಚ್ಛೇದನ. ಗುರುದತ್ ನಿರ್ಮಿಸಿ, ನಿರ್ದೇಶಿಸಿ, ತಾವೇ ನಾಯಕರಾಗಿ ನಟಿಸಿದ ‘ಮಿಸ್ಟರ್ ಅಂಡ್ ಮಿಸೆಸ್ 55’ ಚಿತ್ರ (1955) ಹೊರಡುವುದು ಇಲ್ಲಿಂದ.

ಮುಂಬೈಯಲ್ಲಿ ತಯಾರಾದ ಈ ಹಿಂದಿ ಚಿತ್ರದ ಹಿಂದೆ ನಮ್ಮ ನೆಲದವರ ಕೈ ಇದೆ. ಗುರುದತ್ 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿ ಮೈಸೂರಿನವರು. ಪ್ರೀತಮ್‌ನ ವ್ಯಂಗ್ಯಚಿತ್ರಗಳನ್ನು ಬರೆದುಕೊಟ್ಟ ಆರ್.ಕೆ. ಲಕ್ಷ್ಮಣ್ ಅವರೂ ಮೈಸೂರಿನವರೇ.

ಅನಿತಾಳಾಗಿ ನಟಿಸಿದ ಮಧುಬಾಲಾ ನಕ್ಕರೆ ಇಡೀ ದೃಶ್ಯವೇ ಹಗುರಾಗುತ್ತದೆ. ಆದರೂ ಚಿತ್ರದ ನಿಜವಾದ ಲವಲವಿಕೆ ಕಾಣಬೇಕಾದರೆ ಹಾಸ್ಯನಟ ಜಾನಿ ವಾಕರ್ ಕಚೇರಿಯಲ್ಲಿ ಕಳೆದುಹೋದ ಹೃದಯವನ್ನು ಹುಡುಕುವ ಹಾಡನ್ನು ನೋಡಬೇಕು. ಫೈಲು, ಮೇಜು, ಟೈಪಿಸ್ಟ್ ಜೂಲಿ, ಊಟದ ಬಿಡುವು ಇಷ್ಟರಲ್ಲೇ ಒಂದು ಪ್ರೇಮಪ್ರಕರಣ ನಡೆದುಹೋಗುತ್ತದೆ. ಸಂಗೀತ ನಿರ್ದೇಶಕ ಓ.ಪಿ. ನಯ್ಯರ್ ಅವರ ತಾಳಕ್ಕೆ ಕಚೇರಿಯೇ ಕುಣಿದಂತಿದೆ. ಅರಮನೆ, ತೋಟಗಳ ಹಂಗಿಲ್ಲದೆ ಸಂಬಳದ ಜನರಿಗೂ ಪ್ರೇಮಗೀತೆ ದಕ್ಕಿಸಿಕೊಟ್ಟದ್ದು ಸಣ್ಣ ಸಾಧನೆಯಲ್ಲ.

ಆದರೆ ಒಂದು ತಕರಾರು ಇದ್ದೇ ಇದೆ.

ವಿಚ್ಛೇದನದ ಹಕ್ಕು ಕೊಟ್ಟ ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದದ್ದು 1955ರ ಮೇ 18ರಂದು. ಮುಂಬೈ ಪ್ರಾಂತ್ಯದಲ್ಲಂತೂ 1947ರಲ್ಲೇ ಹಿಂದೂ ವಿಚ್ಛೇದನ ಕಾನೂನು ಬಂದಿತ್ತು. ಈ ಹಕ್ಕಿಗಾಗಿ ಹೆಂಗಸರು ವರ್ಷಗಟ್ಟಲೆ ಕಾದಿದ್ದರು, ಹೋರಾಡಿದ್ದರು. ಚಿತ್ರ ಆ ಹೋರಾಟವನ್ನು ಲಲಿತಾ ಪವಾರ್ ನಟಿಸಿದ ಸಿಡುಕಿ ಅತ್ತೆಯೊಬ್ಬಳ ತಲೆಗೆ ಕಟ್ಟಿ ನಗಿಸುತ್ತದೆ. ಪ್ರೀತಮ್ ಅನಿತಾಳನ್ನು ಹಳ್ಳಿಯ ಅಣ್ಣನ ಮನೆಗೆ ಕರೆದೊಯ್ಯುತ್ತಾನೆ. ಅಲ್ಲಿ ಒಲೆ, ಮಕ್ಕಳ ನಡುವೆ ದುಡಿಯುವ ಅತ್ತಿಗೆ, ಗಂಡ ಹೊಡೆದರೂ ಪ್ರೀತಿಸುತ್ತಾನಲ್ಲ ಎಂಬರ್ಥದ ಮಾತಾಡುತ್ತಾಳೆ. ಅನಿತಾಳ ಮನಸ್ಸು ಕರಗುವುದು ಅಲ್ಲೇ. ಅದನ್ನು ಒಪ್ಪಲಾಗದು. ಪರದೆಯ ಮೇಲೆ ಅತ್ತಿಗೆ ನೆಮ್ಮದಿಯಿಂದಿದ್ದಾಳೆ, ನಿಜ; ನೆಮ್ಮದಿ ಇಲ್ಲದವಳು ಎಲ್ಲಿಗೆ ಹೋಗಬೇಕೆಂದು ಚಿತ್ರ ಕೇಳುವುದೇ ಇಲ್ಲ.

ಹಾಗೆಂದು ಪ್ರೀತಮ್‌ನನ್ನು ದಬ್ಬಾಳಿಕೆಯ ಗಂಡನೆಂದು ತಳ್ಳಿಹಾಕುವಂತಿಲ್ಲ. ಅನಿತಾಳಿಗೆ ಬಿಡುಗಡೆ ಸಿಗಲೆಂದು ತನ್ನ ಹೆಸರಿಗೇ ಮಸಿ ಬಳಿಯುವ ಸುಳ್ಳು ಸಾಕ್ಷ್ಯವನ್ನು ಅವನೇ ಒದಗಿಸುತ್ತಾನೆ. ಮುಂದೆ ‘ಪ್ಯಾಸಾ’ದಲ್ಲಿ (1957) ಬರುವ ಗುರುದತ್ತರ ನೋವಿನ ನಾಯಕನ ನೆರಳು ಈ ನಗೆಚಿತ್ರದಲ್ಲೇ ಬಿದ್ದಿದೆ.

ಗುರುದತ್ತರನ್ನು ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ಗಳಿಂದಷ್ಟೇ ಬಲ್ಲವರು ಈ ಚಿತ್ರವನ್ನು ನೋಡಬೇಕು. ಮನೆಮಂದಿಯೊಂದಿಗೆ ನೋಡಿ, ಅತ್ತಿಗೆಯ ದೃಶ್ಯ ಬಂದಾಗ ಮುಂದಕ್ಕೆ ಓಡಿಸದೆ, ಅದರ ಬಗ್ಗೆ ಮಾತಾಡಿ.