ಲಕೋಟೆಯೊಳಗಿನ ಹುಡುಗ

ಫ್ಲ್ಯಾಟ್ ಸ್ಟ್ಯಾನ್ಲಿ ಊರೂರು ತಿರುಗುವ ಕಾಗದದ ಹುಡುಗ. ಜೆಫ್ ಬ್ರೌನ್ 1964ರಲ್ಲಿ ಪ್ರಕಟಿಸಿದ ಮಕ್ಕಳ ಕತೆಯಲ್ಲಿ, ಮಲಗಿದ್ದಾಗ ಗೋಡೆಯ ಸೂಚನಾ ಫಲಕ ಮೈಮೇಲೆ ಬಿದ್ದು ಅವನು ಅರ್ಧ ಅಂಗುಲದ ದಪ್ಪಕ್ಕೆ ಇಳಿಯುತ್ತಾನೆ. ಕ್ಯಾಲಿಫೋರ್ನಿಯಾದ ಗೆಳೆಯನ ಮನೆಗೆ ಹೋಗಬೇಕೆಂದಾಗ ಟಿಕೆಟ್ ದುಬಾರಿಯೆಂದು ಅಪ್ಪ ಅವನನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಡುತ್ತಾನೆ. 1995ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದ ಲಂಡನ್ನಿನಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿದ್ದ ಡೇಲ್ ಹ್ಯೂಬರ್ಟ್ ಈ ಪ್ರಸಂಗವನ್ನು ಶಾಲೆಯ ಚಟುವಟಿಕೆಯಾಗಿಸಿದರು. ಮಕ್ಕಳು ಸ್ಟ್ಯಾನ್ಲಿಯನ್ನು ಬರೆದು, ಬಣ್ಣ ಹಚ್ಚಿ, ಕತ್ತರಿಸಿ, ಕೆಲವು ದಿನ ಅವನ ಹೆಸರಿನಲ್ಲಿ ದಿನಚರಿ ಇಟ್ಟು, ಬಳಿಕ ದೂರದ ಊರಿಗೆ ಅಂಚೆಯಲ್ಲಿ ಕಳಿಸುತ್ತಾರೆ. ಅಲ್ಲಿನವರು ಅತಿಥಿಯನ್ನು ಸುತ್ತಾಡಿಸಿ, ದಿನಚರಿ ಮುಂದುವರಿಸಿ, ಚಿತ್ರಗಳೊಂದಿಗೆ ಹಿಂದಿರುಗಿಸುತ್ತಾರೆ.



ಸ್ಟ್ಯಾನ್ಲಿಯ ಪ್ರವಾಸ ಅಗ್ಗವಾದದ್ದಕ್ಕೆ ಮೂಲಕಾರಣ ಬ್ರಿಟನ್ನಿನ ಅಂಚೆ ಸುಧಾರಕ ರೋಲಂಡ್ ಹಿಲ್. ಪತ್ರದ ಖರ್ಚು ಇರುವುದು ದಾರಿಯಲ್ಲಲ್ಲ, ಎರಡು ತುದಿಯ ಕಚೇರಿಗಳಲ್ಲಿ ಎಂದು ಆತ 1837ರಲ್ಲಿ ವಾದಿಸಿದ. 1840ರ ಜನವರಿ 10ರಿಂದ ಬ್ರಿಟನ್ನಿನಲ್ಲಿ ಅರ್ಧ ಔನ್ಸಿನ ಪತ್ರ ಎಷ್ಟು ದೂರ ಹೋದರೂ ಒಂದೇ ಪೆನ್ನಿ. 1854ರಲ್ಲಿ ಭಾರತದಲ್ಲೂ ಅದೇ ಲೆಕ್ಕ ಬಂತು: ಕಾಲು ತೊಲಕ್ಕೆ ಅರ್ಧ ಆಣೆ. 1874ರ ಬರ್ನ್ ಒಪ್ಪಂದ ಈ ಸಲೀಸನ್ನು ದೇಶಗಳ ಗಡಿಯಾಚೆಗೂ ಒಯ್ದಿತು. ಕತೆಯ ಅಪ್ಪನ ಲೆಕ್ಕಾಚಾರ ನಿಜ ಜೀವನದಲ್ಲೂ ನಡೆದಿದೆ. ಅಮೆರಿಕದಲ್ಲಿ ಪಾರ್ಸೆಲ್ ಅಂಚೆ ಶುರುವಾದ ಮರುವರ್ಷ, 1914ರ ಫೆಬ್ರವರಿಯಲ್ಲಿ, ಐಡಹೊ ರಾಜ್ಯದ ಮೇ ಪಿಯರ್ಸ್‌ಟಾರ್ಫ್ ಎಂಬ ಪುಟ್ಟ ಹುಡುಗಿಯನ್ನು 53 ಸೆಂಟುಗಳ ಅಂಚೆಚೀಟಿ ಹಚ್ಚಿ ಗ್ರೇಂಜ್‌ವಿಲ್‌ನಿಂದ ಲೂಯಿಸ್ಟನ್ನಿನ ಅಜ್ಜಿಮನೆಗೆ ಕಳಿಸಲಾಯಿತು. ತೂಕದ ಮಿತಿ 50 ಪೌಂಡು, ಹುಡುಗಿ ಅದಕ್ಕಿಂತ ತುಸು ಕಡಿಮೆ. ರೈಲಿನ ಅಂಚೆ ಬೋಗಿಯಲ್ಲಿ ಜತೆಗಿದ್ದವನು ಅಲ್ಲೇ ನೌಕರಿಯಲ್ಲಿದ್ದ ನೆಂಟ.

ಇಷ್ಟು ಸೊಗಸಾದ ವ್ಯವಸ್ಥೆಯ ಮೇಲೆ ಹೋಗಿಬರುವ ಲಕೋಟೆಯಲ್ಲಿ ಸಿಗುವುದೇನು? ಬಹುಮಟ್ಟಿಗೆ, ಗೋಪುರದ ಮುಂದೆ ಸ್ಟ್ಯಾನ್ಲಿ, ಸೇತುವೆಯ ಮುಂದೆ ಸ್ಟ್ಯಾನ್ಲಿ, ಅರಮನೆಯ ಮುಂದೆ ಸ್ಟ್ಯಾನ್ಲಿ. ಅಂಚಿನಲ್ಲಿ ಹಿಡಿದವರ ಹೆಬ್ಬೆರಳು. ಆ ಊರಿನಲ್ಲಿ ಬೆಳಗ್ಗೆ ಏನು ತಿನ್ನುತ್ತಾರೆ, ನೀರು ಎಲ್ಲಿಂದ ಬರುತ್ತದೆ, ಶಾಲೆ ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬುದರ ಸುಳಿವಿಲ್ಲ. ಭೂಗೋಳದ ಪಾಠವೆಂದರೆ ಇದು ಕಳಪೆ ಪಾಠ. ಸ್ಮಾರಕಕ್ಕೆ ಬೆನ್ನು ತಿರುಗಿಸಿ ನಿಂತು ಚಿತ್ರ ತೆಗೆಸಿಕೊಳ್ಳುವ ದೊಡ್ಡವರ ಚಾಳಿಯನ್ನು ಕಾಗದದ ಹುಡುಗನಿಗೂ ಅಂಟಿಸಿದಂತಾಯಿತು.

ಆದರೆ ಈ ದೂರು ಸಲ್ಲಬೇಕಾದ್ದು ಬೇರೆಯವರಿಗೆ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ತಿರುಗಿದ ಬಾರ್ನಬಿ ಕರಡಿ ಭೂಗೋಳದ ಪಠ್ಯಕ್ಕೆಂದೇ ಬಂದ ಬೊಂಬೆ. ಅದನ್ನು ಊರಿನ ಅರಿವಿನಿಂದಲೇ ಅಳೆಯಬೇಕು. ಹ್ಯೂಬರ್ಟ್ ಅವರ ಉದ್ದೇಶ ಓದುಬರಹ. ಬರೆಯಲು ಮಕ್ಕಳಿಗೊಂದು ನೆಪ ಬೇಕಿತ್ತು, ಸ್ಟ್ಯಾನ್ಲಿ ಆ ನೆಪ. ಹಾಗಾದರೆ ಕೇಳಬೇಕಾದದ್ದು ಸ್ಟ್ಯಾನ್ಲಿ ಏನು ನೋಡಿದ ಎಂದಲ್ಲ, ಅವನ ದಿನಚರಿಯನ್ನು ಯಾರು ಬರೆದರು ಎಂದು. ದೂರದ ಚಿಕ್ಕಪ್ಪನೋ ಸೋದರತ್ತೆಯೋ ಹುಡುಗನ ದನಿಯಲ್ಲಿ ಬರೆದು ಕಳಿಸಿದರೆ ಮಗುವಿಗೆ ಉಳಿಯುವುದು ಓದಿನ ಸುಖ ಮಾತ್ರ. ಅಂಚೆಗೆ ಹಾಕುವ ಮುನ್ನ ಮಗು ತಾನೇ ಬರೆದ ನಾಲ್ಕು ಪುಟಗಳ ತೂಕವೇ ಬೇರೆ. ಅಪರಿಚಿತರು ಓದುತ್ತಾರೆಂದು ಗೊತ್ತಿರುವುದರಿಂದ ತನ್ನ ಬೀದಿ, ತನ್ನ ಅಡುಗೆಮನೆ, ಮನೆಯ ನಾಯಿ ಎಲ್ಲವನ್ನೂ ಅದು ಬಿಡಿಸಿ ಹೇಳಲೇಬೇಕಾಗುತ್ತದೆ. ಕಾಣಲು ಏನೂ ಇಲ್ಲವೆಂದುಕೊಂಡಿದ್ದ ಊರು ಅಲ್ಲಿ ವಿವರಣೆ ಬೇಡುವ ಊರಾಗುತ್ತದೆ. ಯೋಜನೆಯ ಬೆಲೆಬಾಳುವ ಅರ್ಧ ಇದು. ಚಿತ್ರಗಳ ಗದ್ದಲದಲ್ಲಿ ಮೊದಲು ಮರೆಯಾಗುವುದೂ ಇದೇ.

ಇಂಥ ಕೆಲಸಕ್ಕೆ ಕೈಹಾಕುವ ಶಿಕ್ಷಕರು ನೆಂಟರ ವಿಳಾಸ ಬಿಟ್ಟು ಇನ್ನೊಂದು ಶಾಲೆಯ ಮೂರನೆಯ ತರಗತಿಯ ವಿಳಾಸ ಹುಡುಕುವುದು ಮೇಲು. ಅಲ್ಲಿ ಉತ್ತರ ಬರೆಯುವವರೂ ಎಂಟು ವರ್ಷದವರೇ.